ಹೊಸ ಸ್ಮಾರ್ಟ್‌ವಾಚ್: ಇಟ್ಟುಕೊಳ್ಳಲಾ, ವಾಪಸ್ ಕೊಡಲಾ?

ಹಾಸನ, ಚಿಕ್ಕಮಗಳೂರು ಕಡೆಯ ಓದುಗರು ಈ ಸಲ ಕೇಳಿದ ಪ್ರಶ್ನೆಗಳಲ್ಲಿ ಸ್ಮಾರ್ಟ್‌ವಾಚಿನವೇ ಜಾಸ್ತಿ. ವಾಪಸ್ ಕೊಡುವ ಗಡುವು ಹತ್ತಿರ ಇರುವವರ ಪ್ರಶ್ನೆಗಳನ್ನು ಮೊದಲು ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನನಗೆ 57 ವರ್ಷ. ಹಾಸನದ ಸಾಲಗಾಮೆ ರಸ್ತೆಯಲ್ಲಿ ಮನೆ. ಬಿಪಿಗೆ ಮಾತ್ರೆ ನುಂಗುತ್ತೇನೆ. 2025ರಲ್ಲಿ ನಮ್ಮೂರಿನ ಹೃದಯಾಘಾತದ ಸುದ್ದಿಗಳು ಬಂದಾಗಿನಿಂದ ಬೆಂಗಳೂರಿನಲ್ಲಿರುವ ಮಗಳಿಗೆ ನನ್ನದೇ ಚಿಂತೆ. ಹೋದ ವಾರ 34 ಸಾವಿರ ಕೊಟ್ಟು ಸ್ಯಾಮ್‌ಸಂಗ್ ಗ್ಯಾಲಕ್ಸಿ ವಾಚ್ ತರಿಸಿಕೊಟ್ಟಳು. ನನ್ನ ಫೋನ್ ಬೇರೆ ಕಂಪನಿಯ ಆಂಡ್ರಾಯ್ಡ್. ಮಹಾರಾಜ ಪಾರ್ಕಿನಲ್ಲಿ ವಾಕಿಂಗ್ ಮಾಡುವಾಗ ಹೃದಯ ಬಡಿತ 128 ಅಂತ ತೋರಿಸಿತು. ರಾತ್ರಿ ಎದ್ದು ನೋಡಿದರೆ 49. ಈಗ ವಾಚ್ ನೋಡದೆ ನಿದ್ದೆಯೇ ಬರುತ್ತಿಲ್ಲ. ವಾಪಸ್ ಕೊಡಲು ಇನ್ನು ಐದು ದಿನ ಇದೆ. ಹಾರ್ಟ್ ಅಟ್ಯಾಕ್ ಆಗುವುದು ಇದರಿಂದ ಮೊದಲೇ ಗೊತ್ತಾಗುತ್ತದೆಯೇ? ಇದಿದ್ದರೆ ಬಿಪಿ ಮಿಷನ್ ಬೇಡವೇ?

ಉತ್ತರ: ವಾಪಸ್ ಕೊಡಿ ಅಮ್ಮ. ವಾಚ್ ಕೆಟ್ಟದ್ದು ಅಂತಲ್ಲ. ಮಗಳು ಯಾವ ಕೆಲಸಕ್ಕೆಂದು ಕೊಡಿಸಿದಳೋ ಆ ಕೆಲಸವನ್ನು ಅದು ನಿಮ್ಮ ಕೈಯಲ್ಲಿ ಮಾಡುವುದಿಲ್ಲ.

ಮೊದಲು ಫೋನಿನ ವಿಷಯ. ಈ ವಾಚಿನಲ್ಲಿ ಇಸಿಜಿ ಮತ್ತು ಬಿಪಿ ನೋಡಲು ಸ್ಯಾಮ್‌ಸಂಗಿನದೇ ಒಂದು ಆ್ಯಪ್ ಬೇಕು. ಆ ಆ್ಯಪನ್ನು ಕಂಪನಿ ಕೊಡುವುದು ಸ್ಯಾಮ್‌ಸಂಗ್ ಗ್ಯಾಲಕ್ಸಿ ಫೋನುಗಳಿಗೆ ಮಾತ್ರ. ಬೇರೆ ಆಂಡ್ರಾಯ್ಡ್ ಫೋನಿಗೆ ಜೋಡಿಸಿದರೆ ಹೆಜ್ಜೆ, ನಿದ್ದೆ, ಬಡಿತ, ನೋಟಿಫಿಕೇಶನ್ ಎಲ್ಲ ಸಿಗುತ್ತದೆ, ಇವೆರಡು ಸಿಗುವುದಿಲ್ಲ. ಅಂದರೆ 34 ಸಾವಿರದಲ್ಲಿ ನಿಮಗೆ ಬೇಕಾಗಿದ್ದ ಭಾಗವೇ ಮುಚ್ಚಿಕೊಂಡಿದೆ. ಅಂಗಡಿಯವರು ಇದನ್ನು ಕೊಳ್ಳುವ ಮೊದಲೇ ಹೇಳಬೇಕು. ಎಷ್ಟೋ ಸಲ ಹೇಳುವುದಿಲ್ಲ.

ಫೋನ್ ಬದಲಾಯಿಸಿದರೆ ಸರಿಹೋಗುತ್ತದಾ? ಅರ್ಧ ಮಾತ್ರ. ಆ ವಾಚು ಬಿಪಿ ಹೇಳಬೇಕಾದರೆ ತೋಳಿಗೆ ಪಟ್ಟಿ ಕಟ್ಟುವ ಮಾಮೂಲಿ ಮಿಷನ್ನಿನಲ್ಲಿ ನೋಡಿದ ಅಳತೆಯನ್ನು ಮೊದಲು ಅದಕ್ಕೆ ಕೊಡಬೇಕು. 28 ದಿನಕ್ಕೊಮ್ಮೆ ಮತ್ತೆ ಇದನ್ನೇ ಮಾಡಬೇಕು. ಹಾಗಾಗಿ ಬಿಪಿ ಮಿಷನ್ ಹೇಗೂ ಬೇಕೇ ಬೇಕು. ಒಳ್ಳೆಯ ಮಿಷನ್ ಎರಡು ಮೂರು ಸಾವಿರಕ್ಕೆ ಸಿಗುತ್ತದೆ. ಮಣಿಕಟ್ಟಿಗೆ ಕಟ್ಟುವುದು ಬೇಡ, ತೋಳಿನದೇ ತೆಗೆದುಕೊಳ್ಳಿ. ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಸುಮ್ನೆ ಕೂತು, ಕೈಯನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು ನೋಡಬೇಕು. ಕಾಫಿ ಕುಡಿದು ಅರ್ಧ ಗಂಟೆ ಆಗಿರಬೇಕು. ನಮ್ಮ ಜಿಲ್ಲೆಗಳಲ್ಲಿ ಇದು ಕಷ್ಟ ಅಂತ ನನಗೆ ಗೊತ್ತು, ಆದರೂ ಬೆಳಗಿನ ಕಾಫಿಗೆ ಮೊದಲೇ ನೋಡಿಬಿಡಿ. ಒಂದು ನಿಮಿಷ ಬಿಟ್ಟು ಎರಡನೇ ಸಲ ನೋಡಿ ಎರಡನ್ನೂ ಬರೆದಿಡಿ. ಒಂದು ವಾರದ ಆ ಚೀಟಿ ನಿಮ್ಮ ಡಾಕ್ಟರಿಗೆ ವಾಚಿನ ಬಣ್ಣಬಣ್ಣದ ಗ್ರಾಫಿಗಿಂತ ಎಷ್ಟೋ ಉಪಯೋಗಕ್ಕೆ ಬರುತ್ತದೆ.

ಇನ್ನು ಮಗಳ ಭಯ. ಹೃದಯಕ್ಕೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡಾಗ ಹಾರ್ಟ್ ಅಟ್ಯಾಕ್ ಆಗುತ್ತದೆ. ಯಾವ ವಾಚೂ ಅದನ್ನು ಮೊದಲೇ ಹೇಳುವುದಿಲ್ಲ. ಆಗುತ್ತಿರುವಾಗಲೂ ಖಚಿತವಾಗಿ ಹೇಳುವುದಿಲ್ಲ. ಆಸ್ಪತ್ರೆಯಲ್ಲಿ 12 ಲೀಡ್ ಇಸಿಜಿ ತೆಗೆಯುತ್ತಾರೆ, ಅಂದರೆ ಹೃದಯವನ್ನು 12 ಕಡೆಯಿಂದ ನೋಡುತ್ತಾರೆ. ಜೊತೆಗೆ ಟ್ರೋಪೋನಿನ್ ಎಂಬ ರಕ್ತ ಪರೀಕ್ಷೆ ಮಾಡುತ್ತಾರೆ. ವಾಚಿನ ಇಸಿಜಿ ನೋಡುವುದು ಒಂದೇ ಕಡೆಯಿಂದ, ಅದೂ 30 ಸೆಕೆಂಡ್. ಅದಕ್ಕೆ ಚೆನ್ನಾಗಿ ಸಿಕ್ಕಿಬೀಳುವುದು ಏಟ್ರಿಯಲ್ ಫಿಬ್ರಿಲೇಶನ್ ಎಂಬ ತಾಳ ತಪ್ಪಿದ ಬಡಿತ. ಅದು ಸಣ್ಣ ವಿಷಯವಲ್ಲ. ಪಾರ್ಶ್ವವಾಯುವಿಗೆ ಅದೊಂದು ಮುಖ್ಯ ಕಾರಣ. ವಯಸ್ಸು, ಬಿಪಿ ಇರುವವರಲ್ಲಿ ಜಾಸ್ತಿ. ಆದರೆ ಮಗಳು ಹೆದರಿರುವುದು ಬೇರೆಯದಕ್ಕೆ ಅಲ್ವಾ?

2025ರ ಜೂನ್, ಜುಲೈನಲ್ಲಿ ಹಾಸನದ ಜನ ಪಟ್ಟ ಆತಂಕ ಸುಳ್ಳಲ್ಲ. ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದ ಸಾಲು ನಿಂತವರನ್ನು ನಾವೆಲ್ಲ ನೋಡಿದ್ದೇವೆ. ಆಗ ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ಮುಂದಾಳತ್ವದಲ್ಲಿ ಸಮಿತಿ ಮಾಡಿತು. ಜಿಲ್ಲೆಯಲ್ಲಿ ಹೃದಯಾಘಾತದ ಸಾವುಗಳು ಅಸಹಜವಾಗಿ ಏರಿಲ್ಲ ಎಂದು ಸಮಿತಿ ವರದಿ ಕೊಟ್ಟಿತು. ಸತ್ತವರಲ್ಲಿ ಹಲವರಿಗೆ ಬಿಪಿ, ಶುಗರ್, ಸಿಗರೇಟಿನಂಥ ಹಳೆಯ ಕಾರಣಗಳೇ ಇದ್ದವು. ನಿಮ್ಮ ವಿಷಯದಲ್ಲಿ ಆ ಪಟ್ಟಿಯಿಂದ ಇರುವುದು ಬಿಪಿ. ಅದನ್ನು ಹತೋಟಿಯಲ್ಲಿಡುವುದಕ್ಕೆ ಮಾತ್ರೆ, ಉಪ್ಪು ಕಡಿಮೆ, ವಾಕಿಂಗ್ ಬೇಕು. ಮೂರಕ್ಕೂ ವಾಚ್ ಬೇಡ.

ಈಗ ಆ 128 ಮತ್ತು 49. ವಾಚಿನ ಹಿಂಭಾಗದ ಹಸಿರು ಬೆಳಕು ಚರ್ಮದ ಕೆಳಗೆ ರಕ್ತ ಏರಿಳಿಯುವುದನ್ನು ನೋಡಿ ಬಡಿತ ಲೆಕ್ಕ ಹಾಕುತ್ತದೆ. ಪಟ್ಟಿ ಸಡಿಲವಿದ್ದರೆ, ನಡೆಯುವಾಗ ಕೈ ಬೀಸುವ ತಾಳವನ್ನೇ ಅದು ಬಡಿತ ಅಂದುಕೊಳ್ಳುವುದುಂಟು. ಚುರುಕಾಗಿ ನಡೆದರೆ ನಿಮಿಷಕ್ಕೆ 120 ಹೆಜ್ಜೆ ಸುಲಭವಾಗಿ ಆಗುತ್ತದೆ. ಹಾಗಾಗಿ ಆ 128 ನಿಮ್ಮ ಹೆಜ್ಜೆಯೂ ಇರಬಹುದು. ನಿಜವಾದ ಬಡಿತವೇ ಆಗಿದ್ದರೂ ಬಿರುಸಿನ ನಡಿಗೆಯಲ್ಲಿ 57ರ ವಯಸ್ಸಿಗೆ ಅದು ಗಾಬರಿಯ ಸಂಖ್ಯೆಯಲ್ಲ. ಬಳೆಗಳಿದ್ದರೆ ವಾಚು ಮಣಿಕಟ್ಟಿನ ಮೂಳೆಯ ಮೇಲೇ ಕೂತುಬಿಡುತ್ತದೆ, ಅದು ಒಂದು ಬೆರಳಗಲ ಮೇಲೆ ಇರಬೇಕು. ಕೈಯಲ್ಲಿ ಹಚ್ಚೆ ಇದ್ದರೂ ಬೆಳಕು ಒಳಗೆ ಹೋಗದೆ ಅಳತೆ ತಪ್ಪುತ್ತದೆ. ನಮ್ಮ ಕಡೆಯ ಹಿರಿಯ ಹೆಂಗಸರಿಗೆ ವಾಚ್ ಕೊಡಿಸುವವರು ಇದನ್ನು ನೆನಪಿಡಬೇಕು. ರಾತ್ರಿಯ 49ರ ಬಗ್ಗೆ ಹೇಳುವುದಾದರೆ, ನಿದ್ದೆಯಲ್ಲಿ ಬಡಿತ ಇಳಿಯುವುದು ಸಹಜ. ನಿಮ್ಮ ಬಿಪಿ ಮಾತ್ರೆ ಅಟೆನೊಲಾಲ್ ಅಥವಾ ಮೆಟೊಪ್ರೊಲಾಲ್ ಆಗಿದ್ದರೆ ಇನ್ನೂ ಇಳಿಯುತ್ತದೆ. ಕಣ್ಣು ಕತ್ತಲೆ ಬರುವುದು, ತಲೆ ಸುತ್ತುವುದು ಇದ್ದರೆ ಮಾತ್ರ ಡಾಕ್ಟರಿಗೆ ಹೇಳಿ. ಮುಂದೆ ಅನುಮಾನ ಬಂದಾಗ ಕೂತು, ಎರಡು ಬೆರಳು ಮಣಿಕಟ್ಟಿನ ಮೇಲಿಟ್ಟು 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಿ. ಸುಮ್ಮನೆ ಕೂತಾಗಲೂ ನೂರು ದಾಟುತ್ತಿದ್ದರೆ, ಅಥವಾ ಬಡಿತಗಳ ನಡುವಿನ ಅಂತರ ಒಂದೇ ಸಮ ಇಲ್ಲ ಅನ್ನಿಸಿದರೆ ಹಾಸನದ ಸರ್ಕಾರಿ ಆಸ್ಪತ್ರೆ ಹಿಮ್ಸ್‌ಗೋ ನಿಮ್ಮ ಡಾಕ್ಟರ ಹತ್ತಿರವೋ ಹೋಗಿ ಇಸಿಜಿ ತೆಗೆಸಿ.

ನಿದ್ದೆ ಕೆಡುತ್ತಿದೆ ಅಂದಿರಲ್ಲ, ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆ ಆಗಿದ್ದು ಅದಕ್ಕೇ. ಬಿಪಿ ಇರುವವರಿಗೆ ನಿದ್ದೆ ಔಷಧಿಯಷ್ಟೇ ಮುಖ್ಯ. ವಾಪಸ್ ಕೊಡಲು ಇದೊಂದೇ ಕಾರಣ ಸಾಕಿತ್ತು. ಕೊಡುವ ದಿನದವರೆಗೂ ರಾತ್ರಿ ಅದನ್ನು ಬಿಚ್ಚಿ ಬೇರೆ ಕೋಣೆಯಲ್ಲಿಡಿ.

ಮಗಳಿಗೆ ಒಂದು ಮಾತು ಹೇಳಿ. ಎದೆ ಹಿಂಡಿದ ಹಾಗಾದರೆ, ನೋವು ದವಡೆಗೋ ಎಡಗೈಗೋ ಬೆನ್ನಿಗೋ ಹರಿದರೆ, ತಣ್ಣನೆ ಬೆವರು, ಉಸಿರು ಕಟ್ಟುವುದು ಕಂಡರೆ ಗ್ಯಾಸ್ಟ್ರಿಕ್ ಅಂತ ಸುಮ್ನೆ ಕೂರಬಾರದು. ಹೆಂಗಸರಲ್ಲಿ ಎದೆನೋವು ಅಷ್ಟಾಗಿ ಇಲ್ಲದೆ ಸುಸ್ತು, ವಾಕರಿಕೆ ಮಾತ್ರ ಇರಬಹುದು. 108ಕ್ಕೆ ಫೋನ್ ಮಾಡಬೇಕು. ಸರ್ಕಾರದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇರುವ ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ತಕ್ಷಣ ಕಳಿಸುತ್ತಾರೆ. ಬೇಕಾದರೆ ರಕ್ತದ ಗಡ್ಡೆ ಕರಗಿಸುವ ದುಬಾರಿ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡುತ್ತಾರೆ. ಆ ಹೊತ್ತಿನಲ್ಲಿ ವಾಚು ಎಲ್ಲ ಸರಿಯಿದೆ ಅಂದರೂ ನಂಬಬಾರದು.

ಪ್ರಶ್ನೆ: ಮೂಡಿಗೆರೆ ಹತ್ತಿರ ಕಾಫಿ ತೋಟ. ಐಫೋನ್ ಇದೆ. ಫೋನ್ ಮನೆಯಲ್ಲಿಟ್ಟು ತೋಟಕ್ಕೆ ಹೋದರೂ ಕರೆ ಬರಲಿ ಎಂದು ಸೆಲ್ಯುಲರ್ ಆ್ಯಪಲ್ ವಾಚ್ ತೆಗೆದುಕೊಂಡೆ. ವಾಪಸಿಗೆ ಏಳು ದಿನ ಕೊಟ್ಟಿದ್ದಾರೆ. ಮಳೆಗಾಲಕ್ಕೆ ತಡೆಯುತ್ತದೆಯೇ ಎಂಬ ಅನುಮಾನವೂ ಇದೆ.

ಉತ್ತರ: ಇದಕ್ಕೆ ಉತ್ತರ ನಿಮ್ಮ ತೋಟದಲ್ಲೇ ಇದೆ. ಇವತ್ತೇ ಪರೀಕ್ಷೆ ಮಾಡಿ. ಫೋನನ್ನು ಮನೆಯಲ್ಲಿಟ್ಟು, ಆಫ್ ಮಾಡಿ, ವಾಚ್ ಕಟ್ಟಿಕೊಂಡು ತೋಟದ ಮೇಲಿನ ಕಣದಿಂದ ಕೆಳಗಿನ ಹಳ್ಳದವರೆಗೆ ನಡೆಯಿರಿ. ಅಲ್ಲಲ್ಲಿ ನಿಂತು ಮನೆಗೆ ಕರೆ ಮಾಡಿ. ನಿಮ್ಮ ವಾಚು ಐಫೋನಿನ ಸಿಮ್ ಕಂಪನಿಯ ನೆಟ್‌ವರ್ಕಿನಲ್ಲೇ ನಡೆಯಬೇಕು, ಮತ್ತು ಆ ಕಂಪನಿ ವಾಚಿಗೆ ಸೇವೆ ಕೊಡುತ್ತಿರಬೇಕು. ವಾಚಿನ ಆಂಟೆನಾ ತೀರ ಸಣ್ಣದು. ಫೋನಿಗೆ ಒಂದೇ ಕಡ್ಡಿ ಸಿಗ್ನಲ್ ಬರುವ ಜಾಗದಲ್ಲಿ ವಾಚಿನ ಮೇಲೆ ಭರವಸೆ ಇಡಬೇಡಿ. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಕರೆ ನಡೆಯುವುದು ವೈಫೈ ಮೇಲೆ. ನಿಮ್ಮಲ್ಲೂ ಹಾಗೇ ಆದರೆ ಅಂಗಳ ದಾಟಿದ ಕೂಡಲೇ ವಾಚು ಮೂಕವಾಗುತ್ತದೆ. ಬಿದ್ದರೆ ತಾನೇ ಕರೆ ಮಾಡುವ ಸೌಲಭ್ಯಕ್ಕೂ ಇದೇ ಮಾತು. ಸಿಗ್ನಲ್ ಇಲ್ಲದ ಕಡೆ ಬಿದ್ದದ್ದು ವಾಚಿಗೆ ಗೊತ್ತಾಗುತ್ತದೆ, ಮನೆಯವರಿಗೆ ಗೊತ್ತಾಗುವುದಿಲ್ಲ.

ಚಾರ್ಜಿನ ವಿಷಯವನ್ನೂ ಯೋಚಿಸಿ. ಹೆಚ್ಚಿನ ಆ್ಯಪಲ್ ವಾಚುಗಳಿಗೆ ಕಂಪನಿಯೇ ಹೇಳುವುದು 18 ಗಂಟೆ, 2025ರ ಸೀರೀಸ್ 11ಕ್ಕೆ 24 ಗಂಟೆ. ಫೋನಿಲ್ಲದೆ ನೆಟ್‌ವರ್ಕಿನಲ್ಲಿ ಓಡಿದರೆ ಇನ್ನೂ ಬೇಗ ಖಾಲಿ. ಆಷಾಢದ ಗಾಳಿಮಳೆಗೆ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲದ ಊರಿನಲ್ಲಿ ದಿನಾ ಚಾರ್ಜ್ ಕೇಳುವ ವಾಚು ಕಷ್ಟವೇ. ಇನ್ವರ್ಟರ್ ಇದ್ದರೆ ಸರಿ.

ಮಳೆಗೆ ಹೆದರಬೇಡಿ. 50 ಮೀಟರ್ ಎಂದು ಬರೆದಿರುವುದು ನಿಂತ ನೀರಿನ ಒತ್ತಡದ ಲೆಕ್ಕ. ಮಳೆ, ಕೈ ತೊಳೆಯುವುದು, ಈಜು ಎಲ್ಲ ತಡೆಯುತ್ತದೆ. ಆದರೆ ಆ ಸೀಲ್ ಶಾಶ್ವತವಲ್ಲ, ವರ್ಷ ಕಳೆದಂತೆ ಸಡಿಲವಾಗುತ್ತದೆ. ಸೋಪು, ಬಿಸಿನೀರಿನ ಹಬೆ, ಸೊಳ್ಳೆಗೋ ಇಂಬಳಕ್ಕೋ ಹಚ್ಚಿಕೊಳ್ಳುವ ಎಣ್ಣೆ ಅದಕ್ಕೆ ಆಗುವುದಿಲ್ಲ. ಬೋರ್ಡೋ ದ್ರಾವಣ ಹೊಡೆಯುವ ದಿನ ಬಿಚ್ಚಿಡಿ. ನಿಮಗೆ ನಿಜವಾಗಿ ಕಿರಿಕಿರಿ ಆಗುವುದು ಒದ್ದೆ ಸ್ಕ್ರೀನಿನಿಂದ. ಮಳೆಹನಿ ಬಿದ್ದರೆ ಟಚ್ ಸರಿಯಾಗಿ ಕೇಳುವುದಿಲ್ಲ. ಅದನ್ನೂ ನಲ್ಲಿಯ ಕೆಳಗೆ ಕೈ ಹಿಡಿದು ಈಗಲೇ ನೋಡಿಕೊಳ್ಳಿ.

ಕರೆಗಳು ನೀವು ದಿನಾ ಓಡಾಡುವ ಜಾಗದಲ್ಲಿ ಸಿಕ್ಕರೆ ಇಟ್ಟುಕೊಳ್ಳಿ, ಒಳ್ಳೆಯ ವಾಚು. ಸಿಗದಿದ್ದರೆ ಅದರ ಬೇರೆ ಗುಣಗಳಿಗೆ ಮರುಳಾಗಿ ಗಡುವು ದಾಟಿಸಬೇಡಿ.

ಪ್ರಶ್ನೆ: ಸೂಜಿ ಚುಚ್ಚದೆ ಶುಗರ್ ತೋರಿಸುವ ವಾಚ್ ಎಂದು 9 ಸಾವಿರಕ್ಕೆ ಆನ್‌ಲೈನಿನಲ್ಲಿ ತರಿಸಿದೆವು. ಅಪ್ಪನಿಗೆ ಇನ್ಸುಲಿನ್ ಇದೆ. ಇಟ್ಟುಕೊಳ್ಳಬಹುದೇ? (ಅರಸೀಕೆರೆ)

ಉತ್ತರ: ಬೇಡ. ಇವತ್ತೇ ವಾಪಸ್ ಕಳಿಸಿ. ಚರ್ಮ ಚುಚ್ಚದೆ ತಾನೇ ಶುಗರ್ ಅಳೆಯುವ ಯಾವ ವಾಚು, ಉಂಗುರಕ್ಕೂ ತಾನು ಒಪ್ಪಿಗೆ ಕೊಟ್ಟಿಲ್ಲ ಎಂದು ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲಿ ಎಚ್ಚರಿಸಿತ್ತು. ಆ ಸಂಖ್ಯೆ ನಂಬಿ ಇನ್ಸುಲಿನ್ ಹೆಚ್ಚು ಹಾಕಿದರೆ ಶುಗರ್ ಪೂರ್ತಿ ಇಳಿದು ಪ್ರಾಣಕ್ಕೇ ಕುತ್ತು. ತೋಳಿಗೆ ಅಂಟಿಸಿ ಸದಾ ಶುಗರ್ ಅಳೆಯುವ ಸಿಜಿಎಂ ಸೆನ್ಸರ್ ಬೇರೆ. ಅದರ ಸಣ್ಣ ತಂತಿ ಚರ್ಮದೊಳಗೆ ಇರುತ್ತದೆ. ಅದು ಅಳೆದದ್ದನ್ನು ವಾಚು ಬರೀ ತೋರಿಸಿದರೆ ತೊಂದರೆ ಇಲ್ಲ.

ಪ್ರಶ್ನೆ: ಚಿಕ್ಕಮಗಳೂರಿನ ಅಂಗಡಿಯೊಂದರಲ್ಲಿ 22 ಸಾವಿರದ ವಾಚ್ ಕೊಂಡೆ. 14 ದಿನ ಬ್ಯಾಟರಿ ಅಂದಿದ್ದರು, ನಾಲ್ಕು ದಿನವೂ ಬರುತ್ತಿಲ್ಲ. ಬಾಕ್ಸ್ ತೆರೆದ ಮೇಲೆ ವಾಪಸ್ ಇಲ್ಲ ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಮೊದಲು ಒಂದು ಸಲ ನ್ಯಾಯವಾಗಿ ಅಳೆಯಿರಿ. ಸ್ಕ್ರೀನ್ ಸದಾ ಉರಿಯುವ ಸೆಟ್ಟಿಂಗ್, ರಾತ್ರಿಯ ಆಕ್ಸಿಜನ್ ಅಳತೆ, ಜಿಪಿಎಸ್ ಆಫ್ ಮಾಡಿ ಪೂರ್ತಿ ಚಾರ್ಜಿನಿಂದ ಶುರು ಮಾಡಿ. ಹೊಸ ವಾಚು ಮೊದಲೆರಡು ದಿನ ಅಪ್‌ಡೇಟ್ ಹಾಕಿಕೊಳ್ಳುತ್ತಾ ಜಾಸ್ತಿ ಚಾರ್ಜ್ ತಿನ್ನುವುದೂ ಉಂಟು. ಆಗಲೂ ನಾಲ್ಕೇ ದಿನ ಬಂದರೆ ದೋಷ ವಾಚಿನದು.

ಮನಸ್ಸು ಬದಲಾಯಿತು ಎಂಬ ಕಾರಣಕ್ಕೆ ವಾಪಸ್ ತೆಗೆದುಕೊಳ್ಳಲೇಬೇಕು ಎಂಬ ಕಾನೂನು ನಮ್ಮಲ್ಲಿಲ್ಲ. ಅದು ಅಂಗಡಿಯವರ ಇಷ್ಟ. ದೋಷ ಇರುವ ಮಾಲಿನ ಮಾತು ಬೇರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೋಷದ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಬಿಲ್ಲಿನಲ್ಲಿ ಏನೂ ಹೇಳದಿದ್ದರೆ 30 ದಿನದೊಳಗೆ, ವಾಪಸ್ ತೆಗೆದುಕೊಂಡು ಹಣ ಕೊಡಲು ಒಪ್ಪದಿರುವುದು ಅನುಚಿತ ವ್ಯಾಪಾರ. ಆನ್‌ಲೈನಿನಲ್ಲಿ ಕೊಂಡವರಿಗೆ 2020ರ ಇ-ಕಾಮರ್ಸ್ ನಿಯಮಗಳೂ ಇವೆ. ಮಾಲು ಜಾಹೀರಾತಿನಲ್ಲಿ ಹೇಳಿದ ಹಾಗಿಲ್ಲದಿದ್ದರೆ ಮಾರಿದವರು ವಾಪಸ್ ಬೇಡ ಅನ್ನುವ ಹಾಗಿಲ್ಲ.

ಬಾಯಿಮಾತಿನಲ್ಲಿ ಜಗಳ ಆಡಬೇಡಿ. ಜಾಹೀರಾತಿನ ಫೋಟೊ, ಬಿಲ್ಲು, ದಿನಕ್ಕೊಂದರಂತೆ ಬ್ಯಾಟರಿ ಪರದೆಯ ಫೋಟೊ ಇಟ್ಟುಕೊಂಡು ಅಂಗಡಿಗೂ ಕಂಪನಿಗೂ ಬರಹದಲ್ಲಿ ದೂರು ಕೊಡಿ. ಉತ್ತರ ಬಾರದಿದ್ದರೆ 1915ಕ್ಕೆ ಕರೆ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಎಷ್ಟೋ ದೂರುಗಳು ಅಲ್ಲೇ ಮುಗಿಯುತ್ತವೆ. ಮುಗಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. 5 ಲಕ್ಷದವರೆಗಿನ ಖರೀದಿಗೆ ಶುಲ್ಕ ಇಲ್ಲ, ವಕೀಲರು ಬೇಕೇ ಬೇಕು ಅಂತಿಲ್ಲ, ಎರಡು ವರ್ಷದೊಳಗೆ ದೂರು ಕೊಡಬಹುದು.

ಅವರು ವಾಪಸ್ ಒಪ್ಪಿಕೊಂಡರೆ, ಕೊಡುವ ಮೊದಲು ಫೋನಿನಿಂದ ವಾಚನ್ನು ಅನ್‌ಪೇರ್ ಮಾಡಿ, ನಿಮ್ಮ ಅಕೌಂಟ್ ತೆಗೆದು, ಪೂರ್ತಿ ರಿಸೆಟ್ ಮಾಡಿ. ಇಲ್ಲದಿದ್ದರೆ ಲಾಕ್ ಆಗಿದೆ ಎಂದು ಅದೇ ಕಾರಣಕ್ಕೆ ತಿರುಗಿ ಕಳಿಸುತ್ತಾರೆ, ನಿಮ್ಮ ಆರೋಗ್ಯದ ವಿವರವೂ ಬೇರೆಯವರ ಕೈ ಸೇರಬಹುದು. ವಾಚಿನ ಗಾಜು, ಪಟ್ಟಿ, ಚಾರ್ಜರ್ ಕಾಣುವ ಹಾಗೆ ಒಂದು ವಿಡಿಯೊ ಮಾಡಿಟ್ಟುಕೊಳ್ಳಿ. ಸೀರಿಯಲ್ ನಂಬರ್ ಬರೆದ ರಶೀದಿ ಕೈಗೆ ಬಾರದೆ ವಾಚನ್ನು ಕೌಂಟರಿನಲ್ಲಿ ಬಿಟ್ಟು ಬರಬೇಡಿ.