ಬಾಗಿಲು ಯಾರಿಗೆ ತೆರೆಯಬಾರದು ಎಂಬುದನ್ನಾದರೂ ಹೇಳಿ

ಪರದೇಶದ ಬದುಕು ಹೇಗಿರುತ್ತದೆ ಎಂದು ಕೇಳಿದ್ದೀರಿ. ಕೊನೆಯಲ್ಲಿ, ಮರೆತದ್ದು ಆಗಷ್ಟೇ ನೆನಪಾದಂತೆ, ಇನ್ನೊಂದು ಸಾಲು ಸೇರಿಸಿದ್ದೀರಿ: ಹೊಡೆಯುವ ಗಂಡನನ್ನು ಬಿಟ್ಟು ಬಂದು ಮೂರು ವಾರವಾಗಿದೆ, ಈಗ ಮೂವರು ಹೆಂಗಸರ ಜೊತೆ ಮನೆ ಹಂಚಿಕೊಂಡಿದ್ದೀರಿ, ಅವರಿಗೆ ಹೇಳಬೇಕೋ ಬೇಡವೋ ತಿಳಿಯುತ್ತಿಲ್ಲ. ಚಳಿ, ಬಾಡಿಗೆ, ಕೆಲಸದ ವಿಚಾರ ಆಮೇಲೆ ಬರೆಯುತ್ತೇನೆ. ಮೊದಲು ಈ ಸಾಲಿಗೆ ಉತ್ತರ.

ಹೇಳಿ. ಆದರೆ ಕಥೆಯನ್ನಲ್ಲ.

ಹನ್ನೊಂದು ವರ್ಷಗಳ ಹಿಂದೆ ನಾನೂ ಒಂದು ಸೂಟ್‌ಕೇಸ್ ಹಿಡಿದು ಇಂಥದೇ ಮನೆಗೆ ಬಂದವಳು. ಗಂಡ ಬೇರೆ ಊರಿನಲ್ಲಿ ಕೆಲಸದಲ್ಲಿದ್ದಾನೆ ಎಂದಷ್ಟೇ ಹೇಳಿದ್ದೆ. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. ಎರಡನೆಯ ತಿಂಗಳಿನ ಒಂದು ಸಂಜೆ ಕೆಲಸ ಮುಗಿಸಿ ಬಂದು ಬಾಗಿಲು ತೆರೆದರೆ, ಅವನು ನಡುಮನೆಯ ಸೋಫಾದಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಟೀ ಕುಡಿಯುತ್ತಿದ್ದ. ಟೀ ಮಾಡಿಕೊಟ್ಟ ಹುಡುಗಿ ಸಂಭ್ರಮದಿಂದ, "ನೋಡು, ಯಾರು ಬಂದಿದ್ದಾರೆ!" ಎಂದಳು. ಅವಳನ್ನು ದೂರುವುದು ಹೇಗೆ? ಅವನಿಗೆ ಬಾಗಿಲು ತೆರೆಯದಿರಲು ಒಂದು ಕಾರಣವನ್ನೂ ನಾನು ಅವಳಿಗೆ ಕೊಟ್ಟಿರಲಿಲ್ಲ. ಚಪ್ಪಲಿಯನ್ನೂ ಬಿಡದೆ ಹಾಗೆಯೇ ಹಿಂದಿರುಗಿ, ಬೀದಿಯ ತುದಿಯಿಂದ ಪೊಲೀಸರಿಗೆ ಫೋನ್ ಮಾಡಿದೆ.

ಅವನಿಗೆ ವಿಳಾಸ ಸಿಕ್ಕಿದ್ದು ನನ್ನ ಅಮ್ಮನಿಂದ. ಅಳಿಯ ಫೋನಿನಲ್ಲಿ ಅತ್ತನಂತೆ.

ಆ ರಾತ್ರಿ ಮೂವರನ್ನೂ ಕೂರಿಸಿಕೊಂಡು ಎಲ್ಲವನ್ನೂ ಹೇಳಿಬಿಟ್ಟೆ. ಒಬ್ಬಳು ಎಷ್ಟು ಅತ್ತಳೆಂದರೆ ನಾನೇ ಅವಳ ಬೆನ್ನು ಸವರಬೇಕಾಯಿತು. ಇನ್ನೊಬ್ಬಳು, ನಮ್ಮ ಭಾಷೆಯವಳೇ, ಎರಡೂ ಕೈ ಸೇರಿದರೆ ತಾನೇ ಚಪ್ಪಾಳೆ ಎಂದಳು. ಟೀ ಮಾಡಿಕೊಟ್ಟವಳು ಮಾತ್ರ ಏನನ್ನೂ ಕೇಳದೆ, ನಾಳೆಯೇ ಬಾಗಿಲಿಗೆ ಸರಪಳಿ ಹಾಕಿಸೋಣ ಎಂದಳು. ನನಗೆ ಬೇಕಾಗಿದ್ದದ್ದು ಆ ಸರಪಳಿ. ಕಥೆ ಹೇಳಿದ್ದರಿಂದ ಸಿಕ್ಕಿದ್ದು ಒಂದಿಷ್ಟು ಕಣ್ಣೀರು, ಒಂದು ಗಾದೆ.

ಆದ್ದರಿಂದ ನೀವು ಮೂರೇ ಮಾತು ಹೇಳಿ: ಗಂಡನಿಂದ ದೂರವಾಗಿದ್ದೇನೆ, ಅವನಿಂದ ನನಗೆ ಅಪಾಯವಿದೆ, ನಾನು ಇಲ್ಲಿರುವುದು ಅವನಿಗೆ ತಿಳಿಯಬಾರದು. ಅವನ ಫೋಟೋ ತೋರಿಸಿ. ಆಮೇಲೆ ಅವರು ಮಾಡಬೇಕಾದದ್ದನ್ನು ಹೇಳಿ. ಯಾರೇ ಬಂದು ನಿಮ್ಮ ಹೆಸರು ಹಿಡಿದು ಕೇಳಿದರೂ, ಈ ಮನೆಯಲ್ಲಿ ಯಾರು ಇದ್ದಾರೆಂದು ನಾವು ಹೇಳುವುದಿಲ್ಲ ಎಂಬ ಒಂದೇ ಉತ್ತರ ಕೊಡಬೇಕು. "ಅವಳು ಈಗ ಇಲ್ಲ" ಎಂದರೆ ಇರುವುದನ್ನು ಒಪ್ಪಿಕೊಂಡಂತೆ. ಅಮ್ಮ, ಅಣ್ಣ ಎಂದುಕೊಂಡು ಫೋನ್ ಮಾಡಿದವರಿಗೂ ಅದೇ ಉತ್ತರ. ನೀವಿರುವ ಫೋಟೋವನ್ನು ಎಲ್ಲಿಯೂ ಹಾಕಬಾರದು. ಅಡುಗೆಮನೆಯ ಕಿಟಕಿಯ ಹೊರಗಿನ ಅಂಗಡಿಯ ಹಲಗೆ ಕಂಡರೂ ಸಾಕು, ಊರು ಗೊತ್ತಾಗುತ್ತದೆ. ನಿಮ್ಮೊಳಗೆ ಒಂದು ಗುಟ್ಟಿನ ಮಾತು ಇರಲಿ. ನಮ್ಮದು "ನನ್ನ ನೀಲಿ ಛತ್ರಿ ನೋಡಿದೆಯಾ" ಎಂಬುದಾಗಿತ್ತು. ಆ ಸಂದೇಶ ಬಂದರೆ ಮರುಪ್ರಶ್ನೆ ಇಲ್ಲದೆ ಪೊಲೀಸರನ್ನು ಕರೆಯಬೇಕು.

ಇಷ್ಟು ಹೇಳಿದರೆ ಅವರಿಗೆ ಹೊರೆಯಾಗುತ್ತದೆಂದು ನಿಮಗೆ ಸಂಕೋಚ. ಬಿಟ್ಟು ಹೊರಟ ನಂತರದ ದಿನಗಳೇ ಹೆಚ್ಚು ಅಪಾಯದವು ಎಂಬುದು ಇಂಥ ಹೆಂಗಸರ ಜೊತೆ ಕೆಲಸ ಮಾಡುವವರೆಲ್ಲರಿಗೂ ಗೊತ್ತು. ಅದೇ ಸೂರಿನಡಿ ಮಲಗುವ ಆ ಮೂವರಿಗೂ ಅದು ತಿಳಿದಿರಬೇಕು. ಕಥೆ ನಿಮ್ಮದು, ಬಾಗಿಲು ನಾಲ್ವರದು. ಮೂವರಿಗೂ ಒಟ್ಟಿಗೆ ಹೇಳಲು ಬಾಯಿ ಬರದಿದ್ದರೆ, ಕಡಿಮೆ ಮಾತಿನವಳೊಬ್ಬಳನ್ನು ಆರಿಸಿಕೊಂಡು ಮೊದಲು ಅವಳಿಗೆ ಹೇಳಿ. ಅವಳು ನಮ್ಮ ಭಾಷೆಯವಳೇ ಆಗಬೇಕೆಂದಿಲ್ಲ. ನಿಜ ಹೇಳಬೇಕೆಂದರೆ, ಹೊರಗಿನ ನಮ್ಮವರ ಬಳಗ ಬಹಳ ಚಿಕ್ಕದು, ಸುದ್ದಿ ಮೂರನೆಯ ಫೋನಿಗೇ ಅವನನ್ನು ತಲುಪುತ್ತದೆ.

ಮೊಬೈಲನ್ನೂ ನೋಡಿಕೊಳ್ಳಿ. ಇಬ್ಬರೂ ಬಳಸುತ್ತಿದ್ದ ಖಾತೆ ಅದರಲ್ಲಿ ಇನ್ನೂ ತೆರೆದಿದ್ದರೆ ನೀವಿರುವ ಜಾಗವನ್ನು ಅದೇ ಹೇಳಿಬಿಡುತ್ತದೆ.

ಯಾವ ದೇಶದಲ್ಲಿದ್ದೀರಿ ಎಂದು ನೀವು ಬರೆದಿಲ್ಲ, ಒಳ್ಳೆಯದೇ ಮಾಡಿದಿರಿ. ಆದರೆ "ನಿನ್ನ ವೀಸಾ ರದ್ದು ಮಾಡಿಸುತ್ತೇನೆ" ಎಂದು ಅವನು ಹೇಳಿಯೇ ಇರುತ್ತಾನೆ. ಎಲ್ಲ ಗಂಡಂದಿರಿಗೂ ಈ ಒಂದು ವಾಕ್ಯವನ್ನು ಎಲ್ಲಿ ಕಲಿಸುತ್ತಾರೋ! ಅವನು ದೂರು ಬರೆಯಬಹುದು, ತೀರ್ಮಾನ ಸರ್ಕಾರದ್ದು. ಅಮೆರಿಕದಲ್ಲಿ 1994ರ ಕಾನೂನಿನ ಪ್ರಕಾರ, ಪೌರನ ಅಥವಾ ಗ್ರೀನ್ ಕಾರ್ಡ್ ಇರುವವನ ಹೆಂಡತಿ ಹಿಂಸೆಗೆ ಒಳಗಾಗಿದ್ದರೆ ಅಲ್ಲಿ ನೆಲೆಸುವ ಹಕ್ಕಿಗಾಗಿ ಗಂಡನಿಗೆ ತಿಳಿಯದಂತೆ ತಾನೇ ಅರ್ಜಿ ಹಾಕಬಹುದು. ಆಸ್ಟ್ರೇಲಿಯಾದಲ್ಲಿ ಹಿಂಸೆಯಿಂದ ದಾಂಪತ್ಯ ಮುರಿದರೂ ಸಂಗಾತಿ ವೀಸಾದ ಅರ್ಜಿ ತಾನಾಗಿಯೇ ಬಿದ್ದುಹೋಗುವುದಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2015ರ ಕಾನೂನು, ಕೈ ಎತ್ತದೆಯೇ ಹೆಂಡತಿಯನ್ನು ಹಿಡಿತದಲ್ಲಿಟ್ಟು ಹೆದರಿಸುವುದನ್ನೂ ಅಪರಾಧ ಎನ್ನುತ್ತದೆ. ವೀಸಾದ ಬಗೆಗೆ ತಕ್ಕಂತೆ ನಿಯಮ ಬದಲಾಗುತ್ತದೆ, ಹಾಗಾಗಿ ಹಿಂಸೆಗೊಳಗಾದ ಹೆಂಗಸರ ಸಹಾಯವಾಣಿಯವರು ತೋರಿಸಿಕೊಡುವ ವಲಸೆ ವಕೀಲರನ್ನೇ ಕೇಳಿ, ಗೆಳತಿಯರ ಗಂಡಂದಿರನ್ನಲ್ಲ.

ಬಾಗಿಲಿಗೆ ಸರಪಳಿ ಹಾಕಿಸಿದವಳು ನನ್ನ ಕಥೆಯನ್ನು ಮುಂದೆಯೂ ಕೆದಕಲಿಲ್ಲ. ನಾಲ್ಕು ವರ್ಷಗಳ ನಂತರ, ಒಗೆದ ಬಟ್ಟೆ ಮಡಿಸುತ್ತಾ, ಆ ರಾತ್ರಿ ಅಳುವಿನ ನಡುವೆ ನುಂಗಿಕೊಂಡಿದ್ದ ಭಾಗವನ್ನು ನಾನಾಗಿಯೇ ಹೇಳಿದೆ.

ಬಾಡಿಗೆಯ ಪ್ರಶ್ನೆಗೆ ಮುಂದಿನ ವಾರ ಬರೆಯುತ್ತೇನೆ. ಅಂಚೆಪೆಟ್ಟಿಗೆಯ ಮೇಲೆ ನಿಮ್ಮ ಹೆಸರಿದ್ದರೆ ಇವತ್ತೇ ತೆಗೆಯಿರಿ.