ಅವನ ಜಾಗದಲ್ಲಿ ಇನ್ನೊಬ್ಬ ನಿಂತಾಗ

ಪ್ರಶ್ನೆ: ನಮ್ಮದು ನಾಲ್ಕು ಜನರ ರಾಕ್ ಬ್ಯಾಂಡ್. ಏಳು ವರ್ಷದಿಂದ ಊರೂರು ತಿರುಗಿ ನುಡಿಸುತ್ತಿದ್ದೇವೆ. ಹೋದ ವರ್ಷ ನಮ್ಮ ಬೇಸ್ ಗಿಟಾರಿಸ್ಟ್ ರಸ್ತೆ ಅಪಘಾತದಲ್ಲಿ ತೀರಿಕೊಂಡ. ಈಗ ಹೊಸ ಹುಡುಗನೊಬ್ಬ ಬಂದಿದ್ದಾನೆ. ಚೆನ್ನಾಗಿಯೇ ನುಡಿಸುತ್ತಾನೆ. ಆದರೆ ಅವನು ಆ ಜಾಗದಲ್ಲಿ ನಿಂತರೆ ಸಾಕು, ನನಗೆ ಸಿಟ್ಟು ಬರುತ್ತದೆ. ಅಮೆರಿಕದ ಮೆಟಾಲಿಕಾ ಬ್ಯಾಂಡಿನವರು ತಮ್ಮ ಬೇಸ್ ಗಿಟಾರಿಸ್ಟ್ ಕ್ಲಿಫ್ ಬರ್ಟನ್ ತೀರಿಕೊಂಡ ಮೇಲೂ ಮುಂದುವರಿದರಲ್ಲ, ಹೇಗೆ? ನಾವು ಬ್ಯಾಂಡ್ ನಿಲ್ಲಿಸಿಬಿಡುವುದೇ ಒಳ್ಳೆಯದಾ?
– ಹೆಸರು ಬೇಡ, ದಾವಣಗೆರೆ

ಉತ್ತರ: ನಿಮ್ಮ ಪತ್ರಕ್ಕೆ ತಕ್ಷಣ ಉತ್ತರ ಬರೆಯಲು ಆಗಲಿಲ್ಲ. ನಾನು ಹನ್ನೆರಡು ವರ್ಷ ಒಂದು ಬ್ಯಾಂಡ್‌ನಲ್ಲಿ ಡ್ರಮ್ಸ್ ಬಾರಿಸಿದವನು. ನಮ್ಮ ಗಿಟಾರಿಸ್ಟ್ 2004ರಲ್ಲಿ ಕಾಮಾಲೆಯಿಂದ ಹೋದ. ನೀವು ಹೇಳುವ ಸಿಟ್ಟು ನನಗೆ ಚೆನ್ನಾಗಿ ಗೊತ್ತು.

ಕ್ಲಿಫ್ ವಿಷಯದಿಂದ ಶುರು ಮಾಡುತ್ತೇನೆ. 1982ರಲ್ಲಿ ಮೆಟಾಲಿಕಾದವರು ಅವರನ್ನು ಕರೆದಾಗ ಬ್ಯಾಂಡ್ ಇದ್ದದ್ದು ಲಾಸ್ ಏಂಜಲಿಸ್‌ನಲ್ಲಿ. ಕ್ಲಿಫ್ ಸ್ಯಾನ್ ಫ್ರಾನ್ಸಿಸ್ಕೊ ಕಡೆಯವರು. ಬೇಕಾದರೆ ನೀವೇ ನಮ್ಮ ಕಡೆ ಬನ್ನಿ, ನಾನು ಬರೋದಿಲ್ಲ ಅಂದರು. ಒಬ್ಬ ಬೇಸ್ ಗಿಟಾರಿಸ್ಟ್‌ಗಾಗಿ ಇಡೀ ಬ್ಯಾಂಡ್ ಊರು ಬಿಟ್ಟು ಬಂತು! ತಂತಿ ಮೀಟುವ ಪುಟ್ಟ ಬಿಲ್ಲೆ, ಅಂದರೆ ಪಿಕ್ ಹಿಡಿಯದೆ ಕ್ಲಿಫ್ ಬೆರಳಲ್ಲೇ ನುಡಿಸುತ್ತಿದ್ದರು. ಜರ್ಮನಿಯ ಹಳೇ ಕಾಲದ ಸಂಗೀತಗಾರ ಬಾಕ್ ಅವರ ಸಂಗೀತ ಅಂದರೆ ಪ್ರಾಣ. ಎಲ್ಲರೂ ಬಿಗಿ ಕಪ್ಪು ಪ್ಯಾಂಟ್ ಹಾಕುತ್ತಿದ್ದ ಕಾಲದಲ್ಲಿ ಇವರದು ಹಳೇ ಬೆಲ್‌ಬಾಟಮ್ ಜೀನ್ಸ್.

1986ರ ಸೆಪ್ಟೆಂಬರ್ 26ರಂದು ಸ್ವೀಡನ್ನಿನ ಸ್ಟಾಕ್‌ಹೋಮ್ ಪಕ್ಕದ ಸೋಲ್ನಾದಲ್ಲಿ ಶೋ ಇತ್ತು. ಅದು ಮುಗಿಸಿ ರಾತ್ರಿ ಬಸ್ಸಿನಲ್ಲಿ ಕೋಪನ್‌ಹೇಗನ್ ಕಡೆ ಹೊರಟರು. ಯಾರು ಎಲ್ಲಿ ಮಲಗಬೇಕು ಅಂತ ಕ್ಲಿಫ್ ಮತ್ತು ಗಿಟಾರಿಸ್ಟ್ ಕರ್ಕ್ ಹ್ಯಾಮೆಟ್ ಇಸ್ಪೀಟೆಲೆ ಎಳೆದರು. ಕ್ಲಿಫ್‌ಗೆ ಎಕ್ಕ ಬಂತು. ಅವರು ಕರ್ಕ್ ಜಾಗ ಕೇಳಿದರು. ಬೆಳಗಿನ ಜಾವ ಡೋರಾರ್ಪ್ ಅನ್ನುವ ಹಳ್ಳಿಯ ಹತ್ತಿರ ಬಸ್ ರಸ್ತೆ ಬಿಟ್ಟು ಮಗುಚಿತು. ಕ್ಲಿಫ್ ಕಿಟಕಿಯಿಂದ ಹೊರಗೆ ಬಿದ್ದರು, ಅವರ ಮೇಲೇ ಬಸ್ ಬಿತ್ತು. ಆಗ ಅವರಿಗೆ 24 ವರ್ಷ. ಆ ಒಂದು ಎಲೆಯ ಭಾರವನ್ನು ಕರ್ಕ್ ಎಷ್ಟು ವರ್ಷ ಹೊತ್ತಿರಬಹುದು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಇನ್ನು ನೀವು ಕೇಳಿದ್ದು. ಅವರು ತುಂಬಾ ಬೇಗ ಮುಂದುವರಿದರು. ಕ್ಲಿಫ್ ಮನೆಯವರೇ ನಿಲ್ಲಿಸಬೇಡಿ ಅಂದಿದ್ದರು. ಅಕ್ಟೋಬರ್ ಕೊನೆಯೊಳಗೆ ಜೇಸನ್ ನ್ಯೂಸ್ಟೆಡ್ ಅನ್ನುವವರು ಕ್ಲಿಫ್ ಜಾಗಕ್ಕೆ ಬಂದರು, ನವೆಂಬರ್ 8ಕ್ಕೆ ಶೋ ಕೊಟ್ಟರು. ಆರು ವಾರ! ಅಳುವುದಕ್ಕೇ ಪುರುಸೊತ್ತಿರಲಿಲ್ಲ. ಆ ದುಃಖ ಎಲ್ಲಿ ಹೋಯಿತು ಅಂದರೆ, ಬಹುಪಾಲು ಜೇಸನ್ ತಲೆಯ ಮೇಲೆ ಹೋಯಿತು. ಹೊಸಬ ಅಂತ ಗೋಳು ಹೊಯ್ದುಕೊಂಡರು. 1988ರ ಆಲ್ಬಮ್‌ನಲ್ಲಿ ಅವರ ಬೇಸ್ ಕೇಳಿಸುವುದೇ ಕಷ್ಟ, ಅಷ್ಟು ಇಳಿಸಿದ್ದಾರೆ. ಒಬ್ಬ ಬೇಸ್ ಗಿಟಾರಿಸ್ಟ್‌ಗೆ ಇದಕ್ಕಿಂತ ನೋವು ಇನ್ನೇನಿದೆ, ಹೇಳಿ. ಆದರೂ ಅವರು 14 ವರ್ಷ ಇದ್ದು, 2001ರಲ್ಲಿ ಹೊರಟರು.

ಅದೇ ಜೇಸನ್‌ರನ್ನು ಕ್ಲಿಫ್ ತಾಯಿ ಮೊದಲ ಸಲ ನೋಡಿದಾಗ ತಬ್ಬಿಕೊಂಡರಂತೆ. ಜೇಸನ್ ಅದನ್ನು ನೆನೆದು ಹೇಳಿದ್ದಾರೆ. ಮಗನನ್ನು ಕಳೆದುಕೊಂಡ ತಾಯಿಗೆ ಅದು ಆಯಿತು.

ನನಗೆ ಆಗಲಿಲ್ಲ. ನಮ್ಮ ಗೆಳೆಯ ಬೆಂಗಳೂರಿಂದ ಮಣಿಪಾಲ, ಸುರತ್ಕಲ್ ಕಾಲೇಜುಗಳಿಗೆ ನುಡಿಸಲು ಹೋಗುವಾಗ ಯಾವಾಗಲೂ ಟೆಂಪೋದ ಮುಂದಿನ ಸೀಟಿನಲ್ಲೇ ಕೂರುತ್ತಿದ್ದ. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವಾಗ ಡ್ರೈವರ್‌ಗೆ ನಿದ್ದೆ ಬರಬಾರದಲ್ವಾ, ಅದಕ್ಕೆ ಹುರಿದ ಕಡ್ಲೆಕಾಯಿ ಬಿಡಿಸಿ ಕೊಡುತ್ತಾ ಮಾತಾಡಿಸುತ್ತಿದ್ದ. ನಾವೆಲ್ಲ ಆಂಪ್ಲಿಫೈಯರ್‌ಗಳ ನಡುವೆ ಕಾಲು ಮಡಚಿ ಮಲಗುತ್ತಿದ್ದೆವು. ಕಣ್ಣು ಬಿಟ್ಟರೆ ಉಪ್ಪಿನಂಗಡಿಯೋ ಬಂಟ್ವಾಳವೋ ಬಂದಿರುತ್ತಿತ್ತು. ಕಡ್ಲೆಕಾಯಿ ಸಿಪ್ಪೆ ಅವನ ಕಾಲ ಹತ್ತಿರ ಗುಡ್ಡೆ ಆಗಿರುತ್ತಿತ್ತು. ಅವನು ಎಷ್ಟು ರಾತ್ರಿ ನಮಗೋಸ್ಕರ ಎದ್ದಿದ್ದ ಅನ್ನುವುದು ಅವನು ಹೋದ ಮೇಲೆ ಹೊಳೆಯಿತು.

ಅವನ ಜಾಗಕ್ಕೆ ಬಂದ ಹುಡುಗನಿಗೆ ಇಪ್ಪತ್ತೊಂದು ವರ್ಷ. ಮೊದಲ ಪ್ರಯಾಣದಲ್ಲಿ ಅವನು ಹಿಂದೆ ಹೋಗಿ ಮಲಗಿದ. ನಾನು ಎಬ್ಬಿಸಿ ಬೈದೆ. ಮುಂದೆ ಕೂರಬೇಕು ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಆಮೇಲೆ ಪ್ರಾಕ್ಟೀಸ್‌ನಲ್ಲಿ ಪ್ರತಿ ಸೋಲೋ ಮುಗಿದಾಗಲೂ, 'ಅವನು ಹೀಗೆ ನುಡಿಸ್ತಾ ಇರಲಿಲ್ಲ' ಅನ್ನುತ್ತಿದ್ದೆ. ಎಂಟು ತಿಂಗಳು ತಡೆದುಕೊಂಡ. ಒಂದು ದಿನ ಗಿಟಾರ್ ಬ್ಯಾಗಿಗೆ ಹಾಕಿಕೊಂಡು ಹೋದವನು ಮತ್ತೆ ಬರಲಿಲ್ಲ. ಬ್ಯಾಂಡ್ ಅಲ್ಲಿಗೆ ಮುಗಿಯಿತು. ಅವನನ್ನು ಹುಡುಕಿಕೊಂಡು ಹೋಗಿ ತಪ್ಪಾಯ್ತು ಅನ್ನಲು ನನಗೆ ಹನ್ನೊಂದು ವರ್ಷ ಬೇಕಾಯಿತು. ಅವನು ಟೀ ಕುಡಿಸಿ ಕಳಿಸಿದ. ಅವನು ಆಮೇಲೆ ಸ್ಟೇಜ್ ಹತ್ತಲೇ ಇಲ್ಲ ಅನ್ನುವುದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಆದ್ದರಿಂದ ಬ್ಯಾಂಡ್ ನಿಲ್ಲಿಸಬೇಡಿ. ಒಂದೆರಡು ತಿಂಗಳು ಶೋ ಒಪ್ಪಿಕೊಳ್ಳಬೇಡಿ, ಅಷ್ಟೇ. ನಿಮ್ಮ ಗೆಳೆಯ ಕಟ್ಟಿದ ಹಾಡುಗಳನ್ನು ಸದ್ಯ ಪಕ್ಕಕ್ಕಿಡಿ. ಮೆಟಾಲಿಕಾದವರು ಕ್ಲಿಫ್ ಜೊತೆ ಸೇರಿ ಕಟ್ಟಿದ್ದ 'ಓರಾಯನ್' ಅನ್ನು ಪೂರ್ತಿಯಾಗಿ ಸ್ಟೇಜ್ ಮೇಲೆ ನುಡಿಸಿದ್ದು 2006ರಲ್ಲಿ, ಕ್ಲಿಫ್ ಹೋಗಿ 20 ವರ್ಷ ಆಗುತ್ತಿದ್ದಾಗ. ಅವರ ಅಂತ್ಯಸಂಸ್ಕಾರದಲ್ಲಿ ಕೇಳಿಸಿದ್ದ ಹಾಡು ಅದು. ಅವರಿಗೇ ಅಷ್ಟು ಕಾಲ ಬೇಕಾಯಿತು.

ಹೊಸ ಹುಡುಗನ ಜೊತೆ ಒಂದು ಹೊಸ ಹಾಡು ಕಟ್ಟಿ. ಅದರಲ್ಲಿ ಬೇಸ್ ಹೇಗಿರಬೇಕು ಅಂತ ಅವನೇ ಹೇಳಲಿ. ಸ್ಟೇಜ್ ಮೇಲೆ ಬೇಕಾದರೆ ಅವನನ್ನು ಇನ್ನೊಂದು ಬದಿಗೆ ನಿಲ್ಲಿಸಿ. ಹೋದವನ ಬಗ್ಗೆ ಅವನಿಗೆ ಕೂತು ಹೇಳಿ, ಹೋಲಿಸುವುದಕ್ಕಲ್ಲ, ಸುಮ್ನೆ ಹೇಳಿ: ಏನು ತಿನ್ನುತ್ತಿದ್ದ, ಸೌಂಡ್ ಚೆಕ್‌ನಲ್ಲಿ ಯಾವ ಹಾಡು ನುಡಿಸುತ್ತಿದ್ದ, ಯಾವಾಗ ಜಗಳ ಆಡುತ್ತಿದ್ದ. ನಿಮ್ಮ ಸಿಟ್ಟು ತನ್ನ ಮೇಲಲ್ಲ ಅಂತ ಆ ಹುಡುಗನಿಗೆ ಗೊತ್ತಾಗಬೇಕು. ಅದನ್ನು ನೀವೇ ಬಾಯಿಬಿಟ್ಟು ಹೇಳಬೇಕು.

ಪ್ರಶ್ನೆ: ಬೇಸ್ ಗಿಟಾರ್ ನನಗೆ ಕೇಳಿಸುವುದೇ ಇಲ್ಲ. ಕ್ಲಿಫ್ ಬರ್ಟನ್ ದೊಡ್ಡವರು ಅನ್ನುತ್ತೀರಿ. ಎಲ್ಲಿಂದ ಕೇಳಲು ಶುರು ಮಾಡಲಿ?
– ಕಾಲೇಜು ವಿದ್ಯಾರ್ಥಿನಿ, ಹಾಸನ

ಉತ್ತರ: ಮೊಬೈಲ್ ಸ್ಪೀಕರ್‌ನಲ್ಲಿ ಕೇಳುತ್ತಿದ್ದೀರಿ ಅನ್ನಿಸುತ್ತದೆ. ಬೇಸ್‌ನ ದಪ್ಪ ತಂತಿಯ ಸ್ವರ ಸುಮಾರು 41 ಹರ್ಟ್ಸ್, ಅಂದರೆ ಸೆಕೆಂಡಿಗೆ 41 ಸಲ ಕಂಪನ. ಅಷ್ಟು ಕೆಳಗಿನ ದನಿ ಆ ಪುಟ್ಟ ಸ್ಪೀಕರ್‌ನಿಂದ ಹೊರಡುವುದಿಲ್ಲ. ಒಳ್ಳೆಯ ಹೆಡ್‌ಫೋನ್ ಹಾಕಿಕೊಳ್ಳಿ. 1984ರ 'ಫಾರ್ ಹೂಮ್ ದ ಬೆಲ್ ಟೋಲ್ಸ್' ಹಾಡಿನ ಆರಂಭದಲ್ಲಿ ಕಿರುಚುವಂತೆ ಬರುವುದನ್ನು ಜಾಸ್ತಿ ಜನ ಗಿಟಾರ್ ಅಂದುಕೊಳ್ಳುತ್ತಾರೆ. ಅದು ಕ್ಲಿಫ್ ಬೇಸ್. ಆಮೇಲೆ 'ಓರಾಯನ್' ಹಾಕಿ. ನಾಲ್ಕನೇ ನಿಮಿಷದ ಸುಮಾರಿಗೆ ಗದ್ದಲವೆಲ್ಲ ಇಳಿದು ಬೇಸ್ ಒಂದೇ ಉಳಿಯುತ್ತದೆ. ಅಲ್ಲಿ ಕಣ್ಣು ಮುಚ್ಚಿಕೊಳ್ಳಿ. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ನುಡಿಸಿದಾಗ ನಾನು ಎರಡು ಟಿಕೆಟ್ ತೆಗೆದುಕೊಂಡಿದ್ದೆ. ಎರಡನೆಯದು ಇವತ್ತಿಗೂ ನನ್ನ ಡ್ರಮ್‌ಸ್ಟಿಕ್ ಚೀಲದಲ್ಲಿದೆ.