ಸಮುದ್ರದ ಸಿಲಿಯೇಟ್‌ಗಳನ್ನು ವಿಂಗಡಿಸಲು ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಯಾಕೆ ಬೇಕು?

ಹೊರಗಿನ ಆಕಾರ ಮೋಸ ಮಾಡುತ್ತದೆ, ಅದಕ್ಕೇ. ಮೈಮೇಲೆ ಸಣ್ಣ ರೋಮಗಳಿರುವ, ನೀರಲ್ಲಿ ತೇಲುವ ಈ ಒಂಟಿ ಕೋಶದ ಜೀವಿಗಳಲ್ಲಿ ಯಾವುದಕ್ಕೆ ಯಾವುದು ನೆಂಟ ಅನ್ನುವ ಗುರುತು ಕೋಶದ ಒಳಗಿನ ಸಣ್ಣ ರಚನೆಯಲ್ಲೇ ಜಾಸ್ತಿ ಉಳಿದಿರುತ್ತದೆ.

ಟಿಂಟಿನ್ನಿಡ್ ಗುಂಪನ್ನೇ ನೋಡಿ. ಇವು ಮೈ ಸುತ್ತ ಲೋರಿಕಾ ಎಂಬ ಚಿಪ್ಪು ಕಟ್ಟಿಕೊಳ್ಳುತ್ತವೆ. 1929ರಲ್ಲಿ ವಿಜ್ಞಾನಿಗಳಾದ ಕೋಫಾಯ್ಡ್ ಮತ್ತು ಕ್ಯಾಂಪ್‌ಬೆಲ್ ನೂರಾರು ಪ್ರಭೇದಗಳನ್ನು ಹೆಚ್ಚುಕಡಿಮೆ ಈ ಚಿಪ್ಪು ನೋಡಿಯೇ ವಿಂಗಡಿಸಿದರು. ಆದರೆ ಒಂದೇ ಪ್ರಭೇದ ಬೇರೆ ಬೇರೆ ಆಕಾರದ ಚಿಪ್ಪು ಕಟ್ಟಬಲ್ಲದು! ಸ್ಟ್ರಾಂಬಿಡಿಯಂ ಥರ ಚಿಪ್ಪೇ ಇಲ್ಲದವಂತೂ ಮಾದರಿ ಕೆಡದಂತೆ ಇಡುವ ಫಾರ್ಮಲಿನ್‌ಗೆ ಹಾಕಿದರೆ ಎಷ್ಟೋ ಸಲ ಮುದುಡುತ್ತವೆ, ಇಲ್ಲವೇ ಒಡೆದೇ ಹೋಗುತ್ತವೆ.

ಹಾಗಾದರೆ ಅಷ್ಟು ಸುಲಭವಾಗಿ ಬದಲಾಗದ್ದು ಯಾವುದು? ಸಿಲಿಯೇಟ್‌ನ ಪ್ರತಿ ರೋಮದ ಬುಡದಲ್ಲೂ ಕೈನೆಟೋಸೋಮ್ ಎಂಬ ಪುಟ್ಟ ಕೊಳವೆ ಇರುತ್ತದೆ, ಅದರಿಂದ ಸಾಮಾನ್ಯವಾಗಿ ಇನ್ನೂ ಸಣ್ಣ ಕೊಳವೆಗಳಾದ ಮೈಕ್ರೋಟ್ಯೂಬ್ಯೂಲ್‌ಗಳ ಎರಡು ಪಟ್ಟಿ ಮತ್ತು ಒಂದು ನಾರು ಹೊರಡುತ್ತವೆ, ಅವು ಯಾವ ಕಡೆ ತಿರುಗುತ್ತವೆ, ಪಕ್ಕದವುಗಳ ಮೇಲೆ ಹೇಗೆ ಕೂರುತ್ತವೆ ಅನ್ನುವುದು ಒಂದೊಂದು ದೊಡ್ಡ ಗುಂಪಿಗೆ ಒಂದೊಂದು ಥರ. ಕೋಶ ಒಡೆದು ಎರಡಾಗುವಾಗ ಹಳೆಯ ಕೈನೆಟೋಸೋಮ್ ಪಕ್ಕದಲ್ಲೇ, ಅದೇ ಜೋಡಣೆಯಲ್ಲಿ ಹೊಸದು ಹುಟ್ಟುತ್ತದೆ. ಈಜುವುದು, ತಿನ್ನುವುದು ಎಲ್ಲ ಇದರ ಮೇಲೇ ನಿಂತಿರುವುದರಿಂದ ಸುಮ್ನೆ ಬದಲಾಗುವುದಿಲ್ಲ. ಸಿಲಿಯೇಟ್ ತಜ್ಞ ಡೆನಿಸ್ ಲಿನ್ 1976ರಲ್ಲಿ ಹೇಳಿದ್ದೂ ಇದನ್ನೇ: ರಚನೆ ಎಷ್ಟು ಸೂಕ್ಷ್ಮ ಮಟ್ಟದ್ದೋ, ಕಾಲ ಕಳೆದರೂ ಅಷ್ಟು ಕಮ್ಮಿ ಬದಲಾಗುತ್ತದೆ.

ಮೈಕ್ರೋಟ್ಯೂಬ್ಯೂಲ್‌ನ ದಪ್ಪ ಸುಮಾರು 25 ನ್ಯಾನೋಮೀಟರ್. ಕಾಲೇಜು ಲ್ಯಾಬಿನ ಮೈಕ್ರೋಸ್ಕೋಪ್ 200ರ ಆಸುಪಾಸಿನಲ್ಲೇ ಕೈಚೆಲ್ಲುತ್ತದೆ. ಬೆಂಗಳೂರಿನ ಕೆರೆ ನೀರಲ್ಲಿ ಪ್ಯಾರಮೀಸಿಯಂ ಹುಡುಕಿ, ಅದೂ ಸಿಲಿಯೇಟೇ ಅಲ್ವಾ, ರೋಮ ಬಡಿಯುವುದು ಕಾಣುತ್ತದೆ, ಬುಡದ ಪಟ್ಟಿಗಳು ಕಾಣುವುದಿಲ್ಲ. ಅದಕ್ಕೇ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಬೇಕು. ಪ್ರಭೇದದ ಮಟ್ಟಕ್ಕೆ ಮಾತ್ರ ಅದೊಂದೇ ಸಾಲದು, ಬೆಳ್ಳಿಯ ಬಣ್ಣ ಹಾಕಿ ರೋಮಗಳ ಸಾಲು ನೋಡುತ್ತಾರೆ, ಈಗ ಡಿಎನ್‌ಎಯನ್ನೂ ಹೋಲಿಸುತ್ತಾರೆ.